ಹಾಯಿದೋಣಿಗೆ ಕ್ಯಾರಬೈನರ್, ಸ್ನ್ಯಾಪ್ ಹುಕ್ ಆರಿಸುವ ಬಗೆ: ಮುಂಬೈ, ಗೋವಾದ ದೋಣಿಗಾರರಿಗೆ ಸಮಗ್ರ ಮಾರ್ಗದರ್ಶಿ

ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ದೋಣಿಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ನಮ್ಮ ಕನ್ನಡದ ಗೆಳೆಯರಿಂದ ಒಂದೇ ಪ್ರಶ್ನೆ ಬರುತ್ತದೆ. "ಕಳೆದ ಸೀಸನ್ನಿಗೆ ತಾನೇ ಹೊಸ ಹುಕ್ ಹಾಕಿದ್ದೆ, ಈಗ ಗೇಟ್ ಅಲ್ಲಾಡುತ್ತಲೇ ಇಲ್ಲ. ಈ ಸಲ ಯಾವುದು ತಗೊಳ್ಳಲಿ?" ಕೊಲಾಬಾದಲ್ಲಿ ದೋಣಿ ಕಟ್ಟಿದವರೂ ಕೇಳುತ್ತಾರೆ, ಗೋವಾದ ದೋನಾ ಪಾವ್ಲಾದಲ್ಲಿ ಕಟ್ಟಿದವರೂ ಕೇಳುತ್ತಾರೆ. ಕ್ಯಾರಬೈನರ್, ಸ್ನ್ಯಾಪ್ ಹುಕ್ ಅಂದರೆ ಹಗ್ಗವನ್ನು ಬೇಗ ಸಿಕ್ಕಿಸಿ ಬಿಚ್ಚಲು ಬಳಸುವ ಲೋಹದ ಕೊಂಡಿಗಳು. ಅವುಗಳ ಬಾಯಿ ಮುಚ್ಚುವ ಸ್ಪ್ರಿಂಗ್ ಬಾಗಿಲೇ ಗೇಟ್.

ಎಲ್ಲರೂ ಎಡವುವುದು ಕ್ರಮದಲ್ಲಿ. ಮೊದಲು ಅಂಗಡಿಗೆ ಹೋಗುತ್ತಾರೆ. ದಪ್ಪಗೆ, ಹೊಳಪಾಗಿ ಇರುವ ಹತ್ತು ಹುಕ್ ತರುತ್ತಾರೆ. ಆಮೇಲೆ ಯಾವುದನ್ನು ಎಲ್ಲಿ ಹಾಕುವುದು ಎಂದು ಯೋಚಿಸುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಕೆಲಸ ಮೊದಲು, ಭಾರ ಆಮೇಲೆ, ಗೇಟಿನ ಬಗೆ ಅದಾದ ಮೇಲೆ, ಲೋಹ ನಂತರ. ಅಂಗಡಿ ಏಳನೆಯ ಹಂತ.

ಕೈಯಲ್ಲಿ ಇರಬೇಕಾದ್ದು ಜಾಸ್ತಿ ಏನಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಸಣ್ಣ ಆಯಸ್ಕಾಂತ, ಟಾರ್ಚ್, ನಿಮ್ಮ ದೋಣಿಯಲ್ಲಿ ಬಳಸುವ ಪ್ರತಿ ಹಗ್ಗದ ಒಂದು ಗೇಣು ತುಂಡು, ಕಾಗದ, ಪೆನ್ನು. ಟೆಸ್ಟ್ ಮಾಡುವಾಗ ಒಂದು ಬಕೆಟ್ ಮತ್ತು 20 ಲೀಟರಿನ ನೀರಿನ ಕ್ಯಾನ್ ಬೇಕಾಗುತ್ತದೆ.

## ಹಂತ 1: ದೋಣಿಯ ಮೇಲೆ ನಡೆದು ಪಟ್ಟಿ ಮಾಡಿ

ಮೂತಿಯಿಂದ ಹಿಂಭಾಗದವರೆಗೆ ನಿಧಾನವಾಗಿ ನಡೆಯಿರಿ. ಈಗ ಹುಕ್ ಇರುವ, ಅಥವಾ ಹುಕ್ ಇದ್ದರೆ ಒಳ್ಳೆಯದು ಅನ್ನಿಸುವ ಪ್ರತಿ ಜಾಗವನ್ನೂ ಬರೆಯಿರಿ. ಫೋರ್‌ಸ್ಟೇ (ಮಾಸ್ಟ್ ಅಂದರೆ ಹಾಯಿಕಂಬದಿಂದ ಮೂತಿಗೆ ಬರುವ ತಂತಿ) ಮೇಲಿನ ಜಿಬ್ (ಮುಂದಿನ ಹಾಯಿ), ಹಾಯಿ ಏರಿಸುವ ಹಗ್ಗಗಳಾದ ಹ್ಯಾಲ್ಯಾರ್ಡ್‌ಗಳ ತುದಿ, ಬೂಮ್ ವ್ಯಾಂಗ್ (ಹಾಯಿಯ ಅಡಿಯ ಅಡ್ಡಕಂಬವಾದ ಬೂಮನ್ನು ಕೆಳಕ್ಕೆ ಎಳೆದಿಡುವ ಹಗ್ಗ), ಸ್ಪಿನೇಕರ್‌ (ಹಿಂದಿನ ಗಾಳಿಗೆ ಹಾಕುವ ದೊಡ್ಡ ಹಾಯಿ)ನ ಮೂಲೆಗಳು, ಬಾವುಟದ ಹಗ್ಗ, ಫೆಂಡರ್ (ದೋಣಿಯ ಬದಿಗೆ ತೂಗುವ ಮೆತ್ತೆ), ಬಕೆಟ್, ಸಣ್ಣ ದೋಣಿಯನ್ನು ಎಳೆಯುವ ಹಗ್ಗ, ನೀರಿಗೆ ಬೀಳದಂತೆ ಮೈಗೆ ಕಟ್ಟುವ ಪಟ್ಟಿ, ಅಂದರೆ ಟೆದರ್.

ಪ್ರತಿ ಜಾಗದ ಮುಂದೆ ಮೂರು ಉತ್ತರ ಬರೆಯಿರಿ. ಇಲ್ಲಿ ಹುಕ್ ಏನನ್ನು ಹಿಡಿಯುತ್ತದೆ? ಎಳೆತ ಯಾವ ದಿಕ್ಕಿನಿಂದ ಬರುತ್ತದೆ, ಆ ದಿಕ್ಕು ಬದಲಾಗುತ್ತದೆಯೇ? ಗೊತ್ತಿಲ್ಲದೆ ಬಿಚ್ಚಿಕೊಂಡರೆ ಏನಾಗುತ್ತದೆ?

ಮೂರನೆಯ ಉತ್ತರವೇ ಮುಖ್ಯ. ಅದರ ಪ್ರಕಾರ ಜಾಗಗಳಿಗೆ ಬಣ್ಣ ಕೊಡಿ. ಬಿಚ್ಚಿಕೊಂಡರೆ ಮನುಷ್ಯ ನೀರಿಗೆ ಬೀಳುತ್ತಾನೆ ಅಥವಾ ಮೇಲಿಂದ ಬೀಳುತ್ತಾನೆ ಅಂದರೆ ಕೆಂಪು. ಹಾಯಿ ಹರಿಯುತ್ತದೆ, ಬೂಮ್ ಹಾರಿ ಬರುತ್ತದೆ, ಹ್ಯಾಲ್ಯಾರ್ಡ್ ಮಾಸ್ಟಿನ ತುದಿಗೆ ಓಡಿಹೋಗುತ್ತದೆ ಅಂದರೆ ಹಳದಿ. ಬಕೆಟ್ ಹೋಯಿತು, ಇನ್ನೊಂದು ತಂದರಾಯಿತು ಅಂದರೆ ಹಸಿರು.

ಹೀಗೆ ಮಾಡಿದ ಮೇಲೆ ಹೆಚ್ಚಿನವರಿಗೆ ಒಂದು ವಿಷಯ ಕಾಣುತ್ತದೆ. ದುಡ್ಡು ಹೋಗಿರುವುದು ಹಸಿರು ಜಾಗಗಳಿಗೆ. ಕೆಂಪು ಜಾಗದಲ್ಲಿ ಯಾರೋ ಹಿಂದಿನ ಮಾಲೀಕ ಬಿಟ್ಟುಹೋದ ಹುಕ್ ಇರುತ್ತದೆ. ನನ್ನ ಸಲಹೆ ಸರಳ: ಬಜೆಟ್ ಎಷ್ಟೇ ಇರಲಿ, ಕೆಂಪು ಜಾಗಕ್ಕೆ ಮೊದಲು ಖರ್ಚು ಮಾಡಿ. ಫೆಂಡರಿಗೆ ಗಂಟು ಸಾಕು.

## ಹಂತ 2: ಹುಕ್ ಬೇಡದ ಜಾಗಗಳನ್ನು ಹೊಡೆದು ಹಾಕಿ

ದಿನಾ ಹಾಕಿ ತೆಗೆಯುವ ಜಾಗಕ್ಕೆ ಹುಕ್. ಸೀಸನ್ ಪೂರ್ತಿ ಹಾಗೇ ಇರುವ ಜಾಗಕ್ಕೆ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಲೋಹದ ಬಳೆ) ಅಥವಾ ಗಂಟು. ಇಷ್ಟು ನೆನಪಿಟ್ಟರೆ ಪಟ್ಟಿ ಅರ್ಧಕ್ಕರ್ಧ ಚಿಕ್ಕದಾಗುತ್ತದೆ.

ಜಿಬ್ ಶೀಟನ್ನು, ಅಂದರೆ ಜಿಬ್ಬನ್ನು ಎಳೆದು ಹಿಡಿಯುವ ಹಗ್ಗವನ್ನು, ಹಾಯಿಯ ಮೂಲೆಗೆ ಹುಕ್‌ನಿಂದ ಸಿಕ್ಕಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ದಿಕ್ಕು ಬದಲಿಸುವಾಗ ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ. ಆಗ ಆ ಮೂಲೆಯಲ್ಲಿರುವ ಲೋಹದ ತುಂಡು ಮುಂದೆ ನಿಂತವರ ಮುಖದ ಎತ್ತರದಲ್ಲೇ ಬೀಸುತ್ತಿರುತ್ತದೆ. ಹಲ್ಲು, ಕಣ್ಣು ಹೋಗುವುದು ಹೀಗೆಯೇ. ಅಲ್ಲಿಗೆ ಬೋಲೈನ್ ಗಂಟು ಸಾಕು. ಬೇಗ ಬಿಚ್ಚಲೇಬೇಕು ಅಂದರೆ ಡೈನೀಮಾ ದಾರದ ಸಾಫ್ಟ್ ಶ್ಯಾಕಲ್ ಹಾಕಿ. ಅದು ಬಡಿದರೂ ಲೋಹದಷ್ಟು ಗಾಯ ಮಾಡುವುದಿಲ್ಲ.

ಮೇನ್ ಸೇಲ್‌ನ ತಲೆಗೆ ಡಿ ಶ್ಯಾಕಲ್ ಒಳ್ಳೆಯದು. ಲಂಗರಿನ ಹಗ್ಗ, ಸರಪಳಿಗೆ ಸ್ನ್ಯಾಪ್ ಹುಕ್ ಬೇಡವೇ ಬೇಡ. ದೋಣಿ ಕಟ್ಟಿ ನಿಲ್ಲಿಸುವ ಮೂರಿಂಗ್‌ಗೂ ಅಷ್ಟೆ. ಮುಂಬೈ ಬಂದರಿನಲ್ಲಿ ದೊಡ್ಡ ಭರತದ ದಿನಗಳಲ್ಲಿ ನೀರು ನಾಲ್ಕು ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ದೋಣಿ ದಿನಕ್ಕೆ ಹಲವು ಸಲ ದಿಕ್ಕು ತಿರುಗುತ್ತದೆ. ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಎಲಿಫೆಂಟಾ, ಮಾಂಡ್ವಾ ಲಾಂಚುಗಳು ಎಬ್ಬಿಸುವ ಅಲೆ ಬೇರೆ. ಸ್ಪ್ರಿಂಗ್ ಗೇಟ್ ಇರುವ ಯಾವ ಹುಕ್ಕೂ ಈ ತಿರುಗಾಟ, ಜಗ್ಗಾಟವನ್ನು ರಾತ್ರಿಯೆಲ್ಲ ತಡೆಯಲು ಮಾಡಿದ್ದಲ್ಲ. ಅಲ್ಲಿ ಬೋ ಶ್ಯಾಕಲ್ ಹಾಕಿ, ಪಿನ್ನನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ.

ಮಾಸ್ಟ್ ಹತ್ತುವ ಕುರ್ಚಿಗೂ ಹ್ಯಾಲ್ಯಾರ್ಡಿನ ಸ್ನ್ಯಾಪ್ ಶ್ಯಾಕಲನ್ನು ನಂಬಬೇಡಿ. ಆ ಶ್ಯಾಕಲಿನ ಪಿನ್ನಿಗೆ ಕಟ್ಟಿರುವ ಎಳೆದಾರ ಮೇಲೆ ಯಾವುದೋ ತಂತಿಗೆ ಸಿಕ್ಕಿದರೆ ಸಾಕು, ತೆರೆದುಕೊಳ್ಳುತ್ತದೆ. ಹಗ್ಗವನ್ನು ನೇರವಾಗಿ ಕುರ್ಚಿಯ ಬಳೆಗೆ ಬೋಲೈನ್ ಹಾಕಿ ಕಟ್ಟಿ. ಎರಡನೆಯ ಹ್ಯಾಲ್ಯಾರ್ಡನ್ನು ಮೈಮೇಲಿನ ಹಾರ್ನೆಸ್ಸಿಗೆ ಕಟ್ಟಿ.

## ಹಂತ 3: ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕಿ

"ದಪ್ಪ ಇದೆ, ತಡೆಯುತ್ತೆ" ಅನ್ನುವುದು ಲೆಕ್ಕವಲ್ಲ. ಜಿಬ್ ಶೀಟಿನ ಎಳೆತಕ್ಕೆ ದೋಣಿಗಾರರು ಬಳಸುವ ಒಂದು ಸುಲಭ ಸೂತ್ರ ಇದೆ. ಹಾಯಿಯ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ತಗೊಳ್ಳಿ. ಗಾಳಿಯ ವೇಗವನ್ನು ನಾಟ್‌ನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಮೀ) ತಗೊಂಡು ಅದರಿಂದಲೇ ಗುಣಿಸಿ. ಎರಡನ್ನೂ ಗುಣಿಸಿ, ಕೊನೆಗೆ 0.021ರಿಂದ ಗುಣಿಸಿ. ಬರುವುದು ಸುಮಾರು ಕಿಲೋ ಲೆಕ್ಕದ ಎಳೆತ.

10 ಚದರ ಮೀಟರಿನ ಜಿಬ್ ಅಂತ ಇಟ್ಟುಕೊಳ್ಳಿ. 10 ನಾಟ್ ಗಾಳಿಯಲ್ಲಿ 21 ಕಿಲೋ. 20 ನಾಟ್‌ನಲ್ಲಿ 84 ಕಿಲೋ. ಗಾಳಿ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಯಿತು, ಅಲ್ವಾ? 28 ನಾಟಿನ ಒಂದು ಹೊಡೆತ ಬಂದರೆ 165 ಕಿಲೋ ಹತ್ತಿರ ಹೋಗುತ್ತದೆ. ಫೆಬ್ರವರಿಯಿಂದ ಮೇವರೆಗೆ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ ಕಡಲಗಾಳಿ ಬೆಳಗಿನ ಗಾಳಿಯ ಹಾಗಿರುವುದಿಲ್ಲ. ಬೆಳಿಗ್ಗೆಯ ನೆಮ್ಮದಿ ನೋಡಿ ಹುಕ್ ಆರಿಸಬೇಡಿ. ನೀವು ಹೊರಗಿರಬಹುದಾದ ಅತಿ ಜೋರು ಗಾಳಿಯ ಅಂಕಿ ಹಾಕಿ.

ಈ ಸೂತ್ರ ಒಂದೇ ಸಮನೆ ಎಳೆಯುವ ಭಾರವನ್ನು ಮಾತ್ರ ಹೇಳುತ್ತದೆ. ಜಗ್ಗು ಹೊಡೆತ ಇದಕ್ಕಿಂತ ಜಾಸ್ತಿ. ಹಾಗಾಗಿ ಹಳದಿ ಜಾಗಕ್ಕೆ ಬಂದ ಅಂಕಿಯ ಎರಡು ಪಟ್ಟು ಕೆಲಸದ ಭಾರ ಇರುವ ಹುಕ್ ಬೇಕು ಎಂದು ಬರೆದುಕೊಳ್ಳಿ. ಮೇಲಿನ ಜಿಬ್‌ನ ಹ್ಯಾಲ್ಯಾರ್ಡಿಗೂ ನಾನು ಇದೇ ಲೆಕ್ಕ ಹಿಡಿಯುತ್ತೇನೆ, ಅಂದರೆ 330 ಕಿಲೋ.

ಇಲ್ಲಿ ಎರಡು ಅಂಕಿಗಳ ನಡುವೆ ಜನ ಮೋಸಹೋಗುತ್ತಾರೆ. ಡಬ್ಲ್ಯೂಎಲ್‌ಎಲ್ ಅಥವಾ ಎಸ್‌ಡಬ್ಲ್ಯೂಎಲ್ ಅಂದರೆ ದಿನಾ ಹೇರಬಹುದಾದ ಕೆಲಸದ ಭಾರ. ಎಂಬಿಎಲ್ ಅಥವಾ ಬ್ರೇಕಿಂಗ್ ಲೋಡ್ ಅಂದರೆ ಮುರಿಯುವ ಭಾರ. ಎರಡರ ನಡುವೆ ನಾಲ್ಕೈದು ಪಟ್ಟು ಅಂತರ ಇರುವುದು ಸಾಮಾನ್ಯ. ಅಂಗಡಿಯವರು "ಸಾವಿರ ಕಿಲೋ ತಡೆಯುತ್ತೆ" ಅಂದರೆ ಅದು ಯಾವ ಅಂಕಿ ಎಂದು ಕೇಳಲೇಬೇಕು. ಕ್ಯಾರಬೈನರ್ ಮೇಲೆ ಕಿಲೋನ್ಯೂಟನ್ ಎಂದು ಇರುತ್ತದೆ. ಒಂದು ಕಿಲೋನ್ಯೂಟನ್ ಅಂದರೆ ಸುಮಾರು 102 ಕಿಲೋ ಎಳೆತ. ಅದು ಮುರಿಯುವ ಭಾರದ ಅಂಕಿ.

ಸರಳು ಬಾಗಿಸಿ ಮಾಡಿದ, ಪಿಯರ್ ಹಣ್ಣಿನ ಆಕಾರದ ಸಾಮಾನ್ಯ ಹುಕ್‌ಗಳು ಹೆಚ್ಚಾಗಿ ಡಿಐಎನ್ 5299 ಎಂಬ ಜರ್ಮನ್ ಮಾನಕದ ಅಳತೆಯವು. ಉಕ್ಕಿನ ಹುಕ್‌ಗೆ ಮಾರಾಟಗಾರರ ಪಟ್ಟಿಗಳಲ್ಲಿ 5 ಮಿಮೀ ದಪ್ಪ, 50 ಮಿಮೀ ಉದ್ದದ್ದಕ್ಕೆ ಸುಮಾರು 100 ಕಿಲೋ ಕೆಲಸದ ಭಾರ ಹೇಳುತ್ತಾರೆ. 8 ಮಿಮೀ ದಪ್ಪ, 80 ಮಿಮೀ ಉದ್ದದ್ದಕ್ಕೆ ಸುಮಾರು 230. 10 ಮಿಮೀ, 100 ಮಿಮೀಗೆ ಸುಮಾರು 350. ನಮಗೆ ಬೇಕಾದ 330 ಕಿಲೋಗೆ ಅಂಗೈ ಉದ್ದದ ಹುಕ್ ಬೇಕಾಯಿತು! ಅದನ್ನು ಹಾಯಿಯ ತಲೆಗೆ ಸಿಕ್ಕಿಸಿದರೆ ಮಾಸ್ಟಿಗೆ ಬಡಿಯುತ್ತಲೇ ಇರುತ್ತದೆ. ಅದಕ್ಕೇ ಅಂಥ ಜಾಗಕ್ಕೆ ಬಡಿದು ಮಾಡಿದ, ಅಂದರೆ ಫೋರ್ಜ್ ಮಾಡಿದ ಸ್ನ್ಯಾಪ್ ಶ್ಯಾಕಲ್ ಬರುತ್ತದೆ. ಗಾತ್ರ ಸಣ್ಣದು, ಬಲ ಜಾಸ್ತಿ, ಬೆಲೆಯೂ ಜಾಸ್ತಿ.

ಕೆಂಪು ಜಾಗಕ್ಕೆ ಈ ಲೆಕ್ಕ ಮಾಡಬೇಡಿ. "ನನ್ನ ತೂಕ 70 ಕಿಲೋ, 100 ಕಿಲೋ ಹುಕ್ ಸಾಕು" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಡೆಕ್ಕಿನ ಆಚೆ ಅಂಚಿಗೆ ಎಸೆಯಲ್ಪಟ್ಟ ಮನುಷ್ಯನನ್ನು ಟೆದರ್ ತಟ್ಟನೆ ಹಿಡಿದು ನಿಲ್ಲಿಸುವಾಗ ಎಳೆತ ಅವನ ತೂಕದ ಹಲವು ಪಟ್ಟು ಆಗುತ್ತದೆ. ಅಲ್ಲಿ ಮಾನಕದ ಗುರುತು ಇರುವ ಪೂರ್ತಿ ಟೆದರನ್ನೇ ಕೊಳ್ಳಬೇಕು. ಹಗ್ಗ ಒಂದು ಕಡೆ, ಹುಕ್ ಇನ್ನೊಂದು ಕಡೆ ತಂದು ಮನೆಯಲ್ಲಿ ಜೋಡಿಸುವ ವಸ್ತು ಅದಲ್ಲ.

## ಹಂತ 4: ಗೇಟ್ ಯಾವ ಬಗೆಯದು ಎಂದು ತೀರ್ಮಾನಿಸಿ

ಹುಕ್ ಮುರಿಯುವುದಕ್ಕಿಂತ ಗೇಟ್ ತೆರೆದುಕೊಳ್ಳುವುದೇ ಜಾಸ್ತಿ. ಆದ್ದರಿಂದ ಈ ಹಂತದಲ್ಲಿ ಆತುರ ಬೇಡ.

ಮೊದಲು ಬಗೆಗಳು. ಸಾದಾ ಸ್ನ್ಯಾಪ್ ಹುಕ್‌ನಲ್ಲಿ ಗೇಟನ್ನು ಒತ್ತಿದರೆ ಒಳಕ್ಕೆ ಹೋಗುತ್ತದೆ, ಬಿಟ್ಟರೆ ಸ್ಪ್ರಿಂಗ್ ತಳ್ಳಿ ಮುಚ್ಚುತ್ತದೆ. ಹಸಿರು ಜಾಗಕ್ಕೆ ಇದು ಸಾಕು. ಪಿಸ್ಟನ್ ಹ್ಯಾಂಕ್ ಅಂದರೆ ಜಿಬ್ಬನ್ನು ಫೋರ್‌ಸ್ಟೇಗೆ ಹಿಡಿಸುವ ಸಣ್ಣ ಕೊಂಡಿ. ಅದರಲ್ಲಿ ಪಿನ್ನನ್ನು ಹಿಂದಕ್ಕೆ ಎಳೆದು ಬಿಡುತ್ತೀರಿ. ಸ್ನ್ಯಾಪ್ ಶ್ಯಾಕಲ್‌ನಲ್ಲಿ ಪಿನ್ ಎಳೆದರೆ ಇಡೀ ತೋಳು ತೆರೆದುಕೊಳ್ಳುತ್ತದೆ. ಸ್ಪಿನೇಕರ್‌ಗೆ ಇದೇ ಬೇಕು, ಜೊತೆಗೆ ಬುಡದಲ್ಲಿ ಸುತ್ತ ತಿರುಗುವ ಕೀಲು, ಅಂದರೆ ಸ್ವಿವೆಲ್ ಇರಬೇಕು, ಇಲ್ಲದಿದ್ದರೆ ಹಗ್ಗದ ತಿರುಚು ಹಾಯಿಗೆ ಹೋಗುತ್ತದೆ. ಸ್ಕ್ರೂ ಲಾಕ್ ಕ್ಯಾರಬೈನರ್‌ನಲ್ಲಿ ಗೇಟಿನ ಮೇಲೆ ತಿರುಗಿಸಿ ಬಿಗಿಸುವ ಕೊಳವೆ ಇರುತ್ತದೆ. ಉಪ್ಪು, ಕೆಸರು ಸೇರಿದರೆ ಅದರ ತಿರುಪು ಕಚ್ಚಿಕೊಳ್ಳುತ್ತದೆ. ಆದ್ದರಿಂದ ದಿನಾ ಬಳಸದಿದ್ದರೆ ಅದು ಬೇಡ. ಕೊನೆಯದು ಎರಡು ಕ್ರಿಯೆಯ ಹುಕ್. ಹಿಂದಿನ ಲಿವರನ್ನು ಅಂಗೈಯಿಂದ ಒತ್ತಿದ ಮೇಲೆ ಮಾತ್ರ ಮುಂದಿನ ಗೇಟ್ ತೆರೆಯುತ್ತದೆ. ಟೆದರಿಗೆ ಇದನ್ನು ಬಿಟ್ಟು ಬೇರೆ ಯೋಚಿಸಬೇಡಿ.

ಈಗ ಅಪಾಯ. ಸಾದಾ ಹುಕ್ಕನ್ನು ಡೆಕ್ಕಿನ ಮೇಲಿನ ಯು ಆಕಾರದ ಬಳೆಗೆ ಹಾಕಿ, ಹಗ್ಗ ಸಡಿಲ ಬಿಟ್ಟು, ಹುಕ್ಕನ್ನು ಮಗುಚಿ ನೋಡಿ. ಬಳೆ ಗೇಟಿನ ಬೆನ್ನಿಗೆ ಬಂದು ಕೂರುತ್ತದೆ. ಈಗ ಹಗ್ಗ ಎಳೆದು ತಿರುಚಿದರೆ ಬಳೆಯೇ ಗೇಟನ್ನು ಒಳಕ್ಕೆ ಒತ್ತಿ, ಹುಕ್ ಕಳಚಿ ಬರುತ್ತದೆ. ಇದನ್ನು ರೋಲ್ ಔಟ್ ಅನ್ನುತ್ತಾರೆ. ಯಾವ ಭಾಗವೂ ಮುರಿದಿರುವುದಿಲ್ಲ, ಹುಕ್ ಹೊಸದರಂತೇ ಇರುತ್ತದೆ. ಅದಕ್ಕೇ ಎಷ್ಟೋ ಜನ "ನಾನೇ ಸರಿಯಾಗಿ ಹಾಕಿರಲಿಲ್ಲವೇನೋ" ಎಂದುಕೊಂಡು ಅದೇ ಹುಕ್ಕನ್ನು ಮತ್ತೆ ಹಾಕುತ್ತಾರೆ.

ಎರಡನೆಯದು ಅಡ್ಡ ಎಳೆತ. ಹುಕ್ ಮೇಲಿನ ಅಂಕಿ ಉದ್ದಕ್ಕೆ ಎಳೆದಾಗಿನದು, ಗೇಟ್ ಮುಚ್ಚಿರುವಾಗಿನದು. ಬೆಟ್ಟ ಹತ್ತುವವರ ಕ್ಯಾರಬೈನರ್‌ಗೆ ಯುರೋಪಿನ ಇಎನ್ 12275 ಮಾನಕ ಕೇಳುವ ಕನಿಷ್ಠ ಬಲ ನೋಡಿ: ಸಾಮಾನ್ಯ ಬಗೆಯದಕ್ಕೆ ಉದ್ದಕ್ಕೆ 20 ಕಿಲೋನ್ಯೂಟನ್, ಅಡ್ಡಕ್ಕೆ 7, ಗೇಟ್ ತೆರೆದಿದ್ದರೆ 7. ಮೂರನೇ ಒಂದು ಭಾಗಕ್ಕೆ ಇಳಿಯಿತು. ಒಳ್ಳೆಯ ಕ್ಯಾರಬೈನರ್ ಮೈಮೇಲೆ ಈ ಮೂರೂ ಅಂಕಿಗಳು ಸಣ್ಣ ಚಿತ್ರಗಳ ಜೊತೆ ಇರುತ್ತವೆ. ಅಗ್ಗದ ಹುಕ್‌ನಲ್ಲಿ ಒಂದೇ ಅಂಕಿ, ಅದೂ ದೊಡ್ಡದು.

ಅಡ್ಡ ಎಳೆತ ಏನು ಮಾಡುತ್ತದೆ ಎಂಬುದಕ್ಕೆ 2017ರ ನವೆಂಬರ್‌ನಲ್ಲಿ ನಡೆದ ದುರಂತವನ್ನು ಪ್ರತಿ ದೋಣಿಗಾರರೂ ತಿಳಿದಿರಬೇಕು. ಕ್ಲಿಪ್ಪರ್ ಎಂಬ ಜಗತ್ತು ಸುತ್ತುವ ಓಟದಲ್ಲಿ, ದಕ್ಷಿಣ ಮಹಾಸಾಗರದಲ್ಲಿ, ಒಬ್ಬ ನಾವಿಕರು ನೀರಿಗೆ ಬಿದ್ದರು. ಟೆದರ್ ಹಾಕಿಕೊಂಡಿದ್ದರು. ಆದರೆ ಅದರ ಹುಕ್ ಡೆಕ್ಕಿನ ಮೇಲಿನ ಒಂದು ಕ್ಲೀಟಿನ (ಹಗ್ಗ ಸುತ್ತಿ ಕಟ್ಟುವ ಕೊಂಬು) ಅಡಿ ಸಿಕ್ಕಿಕೊಂಡಿತು. ಎಳೆತ ಅಡ್ಡಕ್ಕೆ ಬಿತ್ತು. ಹುಕ್ ಬಾಗಿ ಬಿಚ್ಚಿಕೊಂಡಿತು, ಅವರು ಉಳಿಯಲಿಲ್ಲ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಇಲಾಖೆ ಇದನ್ನು ತನಿಖೆ ಮಾಡಿತು. ಟೆದರ್ ಐಎಸ್‌ಒ 12401 ಮಾನಕದ್ದೇ ಆಗಿತ್ತು. ಆ ಮಾನಕದಲ್ಲಿ ಹುಕ್ಕಿಗೆ ಅಡ್ಡ ಎಳೆತದ ಪರೀಕ್ಷೆ ಇರಲಿಲ್ಲ.

ಹಾಗಾಗಿ ಗುರುತು ನೋಡಿ ಕೊಂಡ ಮೇಲೂ ನಿಮ್ಮ ಡೆಕ್ ಮೇಲೆ ಕೆಲಸ ಉಳಿದಿರುತ್ತದೆ. ಟೆದರಿನ ಹುಕ್ ಜ್ಯಾಕ್‌ಲೈನ್ (ಟೆದರ್ ಸಿಕ್ಕಿಸಲು ಡೆಕ್ಕಿನ ಉದ್ದಕ್ಕೂ ಕಟ್ಟಿದ ಪಟ್ಟಿ) ಮೇಲೆ ಮುಂದೆ ಹಿಂದೆ ಜಾರುವಾಗ ಯಾವ ಕ್ಲೀಟ್, ಯಾವ ವಿಂಚಿನ ಬುಡ, ಯಾವ ಬಳೆಯ ಸಂದಿಗೆ ಸಿಕ್ಕಬಹುದು? ಕೈಯಲ್ಲಿ ಹುಕ್ ಹಿಡಿದು ಎಳೆಯುತ್ತಾ ಹೋಗಿ ನೋಡಿ. ಸಿಕ್ಕುವ ಜಾಗ ಇದ್ದರೆ ಜ್ಯಾಕ್‌ಲೈನನ್ನು ಒಳಕ್ಕೆ, ದೋಣಿಯ ನಡುಗೆರೆಯ ಹತ್ತಿರ ಸರಿಸಿ. ಅಂಚಿನ ಬೇಲಿ ತಂತಿಗೆ ಟೆದರ್ ಹಾಕಬೇಡಿ. ಅದು ಕೈ ಆಸರೆಗೆ ಇರುವುದು.

## ಹಂತ 5: ಲೋಹ

ಆಯಸ್ಕಾಂತ ಹಿಡಿದುಕೊಂಡು ಹೋದವರೆಲ್ಲ "ಅಂಟಲಿಲ್ಲ, ಒಳ್ಳೆ ಸ್ಟೀಲ್" ಎಂದು ಖುಷಿಯಿಂದ ಬರುತ್ತಾರೆ. ಆಯಸ್ಕಾಂತ ಹೇಳುವುದು ಅರ್ಧ ಮಾತ್ರ. ಗಟ್ಟಿಯಾಗಿ ಅಂಟಿದರೆ ಅದು ಸತು ಬಳಿದ ಉಕ್ಕು ಅಥವಾ ಕಡಿಮೆ ದರ್ಜೆಯ ಸ್ಟೇನ್‌ಲೆಸ್. ಬೇಡ. ಅಂಟದಿದ್ದರೆ 304 ದರ್ಜೆಯ ಸ್ಟೇನ್‌ಲೆಸ್ ಇರಬಹುದು, 316 ಇರಬಹುದು. ಈ ಎರಡನ್ನು ಆಯಸ್ಕಾಂತ ಬೇರ್ಪಡಿಸುವುದಿಲ್ಲ. ಬಾಗಿಸಿದ ಜಾಗದಲ್ಲಿ ಎರಡೂ ಸ್ವಲ್ಪ ಅಂಟಬಹುದು.

ನಮಗೆ ಬೇಕಾದ್ದು 316. ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಉಪ್ಪುನೀರಿನ ಕ್ಲೋರೈಡ್ ಲೋಹದಲ್ಲಿ ಗುಂಡಿ ಕೊರೆಯುವುದನ್ನು ಇದು ತಡೆಹಿಡಿಯುತ್ತದೆ. 304ರಲ್ಲಿ ಅದಿಲ್ಲ. ಅಡುಗೆಮನೆಯಲ್ಲಿ 304 ವರ್ಷಗಟ್ಟಲೆ ಹೊಳೆಯುತ್ತದೆ, ನಿಜ. ಆದರೆ ಡೆಕ್ ಮೇಲೆ ಅದಕ್ಕೆ ಬೇಗ ಚಹಾ ಬಣ್ಣದ ಕಲೆ ಬರುತ್ತದೆ, ಆಮೇಲೆ ಸೂಜಿಮೊನೆ ಗಾತ್ರದ ಗುಂಡಿಗಳು. ಹುಕ್ ಮೇಲೆ 316 ಅಥವಾ ಎ4 ಎಂದು ಕೆತ್ತಿರುತ್ತದೆ. ಎ2 ಅಂದರೆ 304ರ ವರ್ಗ.

ಮೈ 316 ಆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸೀಸನ್ ಮುಗಿಯುವುದರೊಳಗೆ ಕಚ್ಚಿಕೊಳ್ಳುವುದು ಒಳಗಿನ ಸ್ಪ್ರಿಂಗ್ ಮತ್ತು ಗೇಟಿನ ರಿವೆಟ್. ಎಷ್ಟೋ ಹುಕ್‌ಗಳಲ್ಲಿ ಮೈ ಒಳ್ಳೆಯದು, ಸ್ಪ್ರಿಂಗ್ ಅಗ್ಗದ್ದು. ಗೇಟ್ ತೆರೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಆಯಸ್ಕಾಂತದ ಮೂಲೆಯನ್ನು ರಿವೆಟ್ಟಿಗೆ ಮುಟ್ಟಿಸಿ. ರಿವೆಟ್ ಜೋರಾಗಿ ಎಳೆದರೆ ವಾಪಸ್ ಕೊಡಿ.

ಬೆಟ್ಟ ಹತ್ತುವ ಅಲ್ಯೂಮಿನಿಯಂ ಕ್ಯಾರಬೈನರ್‌ಗಳ ಬಗ್ಗೆ ಪುಣೆಯ ಗೆಳೆಯರು ತುಂಬಾ ಕೇಳುತ್ತಾರೆ. ಸಹ್ಯಾದ್ರಿಯಲ್ಲಿ ಕೋಟೆ, ಕಡಿದಾದ ಬಂಡೆ ಹತ್ತುವವರು ಅವರು, ಮನೆಯಲ್ಲಿ ಒಳ್ಳೆಯ ಕ್ಯಾರಬೈನರ್‌ಗಳು ಇರುತ್ತವೆ. ಖಡಕ್‌ವಾಸ್ಲಾದ ಸಿಹಿನೀರಿನಲ್ಲಿ ಅವುಗಳಿಂದ ಅಷ್ಟು ತೊಂದರೆ ಇಲ್ಲ. ಸಮುದ್ರದಲ್ಲಿ ಸ್ಟೇನ್‌ಲೆಸ್ ಬಳೆಗೆ ಸಿಕ್ಕಿಸಿ ಬಿಟ್ಟರೆ ಬೇರೆ ಕಥೆ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಮುಟ್ಟಿಕೊಂಡರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಬಿಳಿ ಪುಡಿ ಕಾಣುತ್ತದೆ, ಆಮೇಲೆ ಗೇಟ್ ಹಿಡಿದುಕೊಳ್ಳುತ್ತದೆ. ಸಂಜೆ ತೆಗೆದು ತೊಳೆದಿಡುವುದಾದರೆ ಬಳಸಿ. ಆದರೆ ಹಾಗೆ ಸಮುದ್ರದಲ್ಲಿ ಬಳಸಿದ್ದನ್ನು ಮತ್ತೆ ಬಂಡೆ ಹತ್ತಲು ಒಯ್ಯಬೇಡಿ.

ಹಿತ್ತಾಳೆ, ಕಂಚಿನ ಪಿಸ್ಟನ್ ಹ್ಯಾಂಕ್‌ಗಳು ಫೋರ್‌ಸ್ಟೇಗೆ ಚೆನ್ನಾಗಿವೆ. ಉಕ್ಕಿನ ತಂತಿಗಿಂತ ಮೆತ್ತಗಿರುವುದರಿಂದ ಹ್ಯಾಂಕ್ ಸವೆಯುತ್ತದೆ, ತಂತಿ ಉಳಿಯುತ್ತದೆ. ಬದಲಾಯಿಸಲು ಸುಲಭ ಹ್ಯಾಂಕೇ ತಾನೆ.

ಬ್ಯಾಗಿಗೆ, ನಾಯಿಯ ಬೆಲ್ಟಿಗೆ ಹಾಕುವ ಹೊಳೆಯುವ ಸ್ವಿವೆಲ್ ಹುಕ್ ಹಸಿರು ಜಾಗಕ್ಕೂ ಬೇಡ ಅನ್ನುತ್ತೇನೆ. ಅವುಗಳಲ್ಲಿ ಹೆಚ್ಚಿನವು ಅಚ್ಚಿಗೆ ಸುರಿದ ಸತುವಿನ ಮಿಶ್ರಲೋಹ, ಮೇಲೆ ಕ್ರೋಮ್. ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಪಟ್ ಎಂದು ಮುರಿಯುತ್ತವೆ. ಮೈ ಮೇಲೆ ಅಚ್ಚಿನ ಎರಡು ಭಾಗ ಸೇರಿದ ಗೆರೆ ಕಂಡರೆ ಗುರುತು ಸಿಕ್ಕಿತು.

## ಹಂತ 6: ಅಳತೆ

ನೀವು ತಂದ ಹಗ್ಗದ ತುಂಡುಗಳು ಇಲ್ಲಿ ಬೇಕು. ಮೂರು ಅಳತೆ ಬರೆದುಕೊಳ್ಳಿ: ಹುಕ್ ಕೂರಬೇಕಾದ ಬಳೆಯ ಸರಳಿನ ದಪ್ಪ, ಆ ಬಳೆಯ ಒಳಗಿನ ಜಾಗ, ಹಗ್ಗದ ದಪ್ಪ. ಗೇಟ್ ತೆರೆದಾಗಿನ ಬಾಯಿ ಬಳೆಯ ಸರಳಿಗಿಂತ ಎರಡು ಮೂರು ಮಿಮೀ ಜಾಸ್ತಿ ಇರಲಿ. ಬರೀ ಸರಿಹೊಂದಿದರೆ ಅಲೆಯಲ್ಲಿ, ಒದ್ದೆ ಕೈಯಲ್ಲಿ ಹಾಕಲಾಗುವುದಿಲ್ಲ.

ಹುಕ್ ಬಳೆಯೊಳಗೆ ಸಲೀಸಾಗಿ ಎಲ್ಲ ಕಡೆ ತಿರುಗಬೇಕು. ಬಿಗಿಯಾಗಿ ಕೂತರೆ ಎಳೆತ ಅಡ್ಡಕ್ಕೆ ಬೀಳುತ್ತದೆ, ನಾಲ್ಕನೆಯ ಹಂತದಲ್ಲಿ ಹೇಳಿದ ತೊಂದರೆ ಅಲ್ಲಿಂದಲೇ ಶುರು.

## ಹಂತ 7: ಈಗ ಅಂಗಡಿಗೆ

ಮುಂಬೈಯಲ್ಲಿ ಹೆಚ್ಚಿನವರು ಹೋಗುವುದು ನಾಗದೇವಿ ಸ್ಟ್ರೀಟಿಗೆ. ಮಸ್ಜಿದ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಲ್ಲಿ ಡಿಐಎನ್ ಅಳತೆಯ ಹುಕ್, ಶ್ಯಾಕಲ್, ಥಿಂಬಲ್ (ಹಗ್ಗದ ಕುಣಿಕೆ ಸವೆಯದಂತೆ ಒಳಗೆ ಕೂರಿಸುವ ಲೋಹದ ತೋಡು) ಎಲ್ಲ ಸಿಗುತ್ತವೆ. ಬಾಯಿಮಾತಿನಲ್ಲಿ "ಎಸ್‌ಎಸ್" ಅಂದರೆ ಸಾಮಾನ್ಯವಾಗಿ 304 ಕೊಡುತ್ತಾರೆ. "ತೀನ್ ಸೌ ಸೋಲಾ" ಎಂದೇ ಕೇಳಿ, ಬಿಲ್ಲಿನಲ್ಲಿ 316 ಎಂದು ಬರೆಸಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ. ಸ್ಟೀಲ್ ವ್ಯಾಪಾರಿಗಳ ಹತ್ತಿರ ಮಾಲಿಬ್ಡಿನಮ್ ಇದೆಯೇ ಎಂದು ತೋರಿಸುವ ಪರೀಕ್ಷಾ ದ್ರಾವಣ ಇರುತ್ತದೆ. ಒಂದು ಹನಿ ಬಿಟ್ಟು, ಬಣ್ಣ ನೋಡಿ ಹೇಳುತ್ತಾರೆ. ಹತ್ತಾರು ಹುಕ್ ಕೊಳ್ಳುವಾಗ ಒಂದರ ಮೇಲಾದರೂ ಮಾಡಿಸಿ.

ರೇ ರೋಡ್ ಹತ್ತಿರದ ದಾರುಖಾನಾದಲ್ಲಿ ಒಡೆದ ಹಡಗುಗಳ ಸಾಮಾನು ಸಿಗುತ್ತದೆ. ದೊಡ್ಡ ಶ್ಯಾಕಲ್, ಸರಪಳಿ ನೋಡಲು ಆಸೆಯಾಗುತ್ತದೆ. ಮೂರಿಂಗಿನ ಭಾರಕ್ಕೆ, ತೂಕಕ್ಕೆ ಏನಾದರೂ ತಗೊಳ್ಳಿ. ಆದರೆ ಹುಕ್, ಕ್ಯಾರಬೈನರ್ ಅಲ್ಲಿಂದ ಬೇಡ. ಅದು ಎಷ್ಟು ಜಗ್ಗು ಹೊಡೆತ ತಿಂದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಗೋವಾದಲ್ಲಿ ಮಾಲಿಂ, ಬೇತಿಂ ಕಡೆಯ ಮೀನುಗಾರಿಕೆ ಸಾಮಾನಿನ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಗ್ಯಾಲ್ವನೈಸ್ಡ್. ಟ್ರಾಲರಿಗೆ ಅದು ಸರಿ. ತೂಕವೂ ಗಾತ್ರವೂ ದೊಡ್ಡದಾಗಿದ್ದು, ಆಗಾಗ ಬದಲಾಯಿಸುವ ಕೆಲಸಕ್ಕೆ ಅದು. ನಮ್ಮ ಸಣ್ಣ ಹುಕ್‌ನ ತೆಳು ಸತುವಿನ ಲೇಪ ಬೇಗ ಹೋಗುತ್ತದೆ.

ಕೆಂಪು ಜಾಗದ ವಸ್ತುವನ್ನು ದೋಣಿ ಸಾಮಾನು ಮಾತ್ರ ಮಾರುವ, ಬಿಲ್ ಕೊಡುವ ಕಡೆಯಿಂದಲೇ ತರಿಸಿ. ತಯಾರಕರ ಹೆಸರು, ತಯಾರಾದ ವರ್ಷ, ಮಾನಕದ ಸಂಖ್ಯೆ ಪಟ್ಟಿಯ ಮೇಲೆ ಹೊಲಿದಿರಬೇಕು. ಟೆದರ್ ಉದ್ದ 2 ಮೀಟರ್ ಮೀರಬಾರದು. ಮೂರು ಹುಕ್ ಇರುವ, ಒಂದು ಕೈ 1 ಮೀಟರಿನದಾಗಿರುವ ಟೆದರ್ ಸಿಕ್ಕರೆ ಅದನ್ನೇ ತಗೊಳ್ಳಿ. ಗಿಡ್ಡ ಕೈ ನಿಮ್ಮನ್ನು ದೋಣಿಯ ಒಳಗೇ ಉಳಿಸುತ್ತದೆ.

ಅಂಗಡಿಯಲ್ಲೇ ಪ್ರತಿ ಹುಕ್ಕನ್ನೂ ಕೈಯಲ್ಲಿ ಹಿಡಿದು ಗೇಟ್ ತೆರೆದು ಬಿಡಿ. ಟಕ್ ಎಂದು ತಾನಾಗಿ ಮುಚ್ಚಬೇಕು. ಗೇಟಿನ ಮೂಗು ಮೈಯ ತೋಡಿನೊಳಗೆ ನೇರ ಕೂರಬೇಕು. ಬೆರಳಿನಿಂದ ಗೇಟನ್ನು ಪಕ್ಕಕ್ಕೆ ಅಲುಗಿಸಿ, ಆಟ ಜಾಸ್ತಿ ಇದ್ದರೆ ಬೇಡ. ಒಂದೇ ಪೆಟ್ಟಿಗೆಯ ಹುಕ್‌ಗಳಲ್ಲೂ ವ್ಯತ್ಯಾಸ ಇರುತ್ತದೆ, ಒಂದೊಂದನ್ನೂ ನೋಡಲು ನಾಚಿಕೆ ಬೇಡ.

## ಹಂತ 8: ದೋಣಿಗೆ ಹಾಕುವ ಮೊದಲು ಪರೀಕ್ಷೆ

ಹಳದಿ ಮತ್ತು ಹಸಿರು ಜಾಗದ ಹುಕ್‌ಗಳಿಗೆ ಒಂದು ವಾರ ಕೊಡಿ. ಬಕೆಟ್ಟಿನಲ್ಲಿ ಸಮುದ್ರದ ನೀರು ತನ್ನಿ. ದಿನಾ ಬೆಳಿಗ್ಗೆ ಹುಕ್ಕನ್ನು ಅದ್ದಿ, ಬಿಸಿಲಲ್ಲಿ ಒಣಗಿಸಿ. ತೊಳೆಯಬೇಡಿ. ಒದ್ದೆಯಾಗಿ ಒಣಗುವುದೇ ನಿಜವಾದ ಪರೀಕ್ಷೆ, ನೀರಿನಲ್ಲಿ ಸುಮ್ನೆ ಮುಳುಗಿಸಿಟ್ಟರೆ ಅಷ್ಟು ಗೊತ್ತಾಗುವುದಿಲ್ಲ. ವಾರದ ಕೊನೆಗೆ ರಿವೆಟ್ ಸುತ್ತ, ವೆಲ್ಡ್ ಮೇಲೆ, ಸ್ಪ್ರಿಂಗ್ ತೂತಿನ ಬಾಯಲ್ಲಿ ಕಂದು ಕಂಡರೆ ಅದು ಹೇಳಿದ ದರ್ಜೆಯದಲ್ಲ ಎಂಬ ಅನುಮಾನ ಬರಬೇಕು.

ಆಮೇಲೆ ನೀರು ತುಂಬಿದ 20 ಲೀಟರ್ ಕ್ಯಾನ್ ತೂಗುಹಾಕಿ ಗೇಟನ್ನು ನೋಡಿ. ಇದು ಬಲದ ಪರೀಕ್ಷೆಯಲ್ಲ. ಅಷ್ಟು ಸಣ್ಣ ಭಾರಕ್ಕೇ ಮೂಗು ತೋಡಿನಿಂದ ಸರಿದರೆ ಹುಕ್ ಮೆದು ಎಂದರ್ಥ. ಕೊನೆಗೆ, ಅದು ಹೋಗಿ ಕೂರುವ ಬಳೆಗೇ ಸಿಕ್ಕಿಸಿ ರೋಲ್ ಔಟ್ ಪರೀಕ್ಷೆ ಮಾಡಿ. ಐದು ನಿಮಿಷ ಎಲ್ಲ ದಿಕ್ಕಿಗೂ ತಿರುಚಿ, ಮಗುಚಿ, ಎಳೆಯಿರಿ. ಒಂದು ಸಲ ಕಳಚಿದರೂ ಆ ಜೋಡಿ ಬೇಡ. ಬೇರೆ ಹುಕ್ ಅಥವಾ ಬೇರೆ ಬಳೆ.

ಟೆದರನ್ನು ಎಳೆದು, ಜಗ್ಗಿ ಪರೀಕ್ಷೆ ಮಾಡಬೇಡಿ. ಹಲವು ಟೆದರ್‌ಗಳ ಹೊಲಿಗೆಯೊಳಗೆ, ಅತಿಭಾರ ಬಿದ್ದರೆ ಹೊರಗೆ ಕಾಣುವ ಬಣ್ಣದ ಗುರುತು ಇರುತ್ತದೆ. ಅದು ಕಂಡ ಮೇಲೆ ಆ ಟೆದರಿನ ಆಯುಷ್ಯ ಮುಗಿಯಿತು. ಅದರ ಮೇಲೆ ಮಾಡಬೇಕಾದ ಪರೀಕ್ಷೆ ಒಂದೇ: ಸೈಲಿಂಗ್ ಗ್ಲೌಸ್ ಅಥವಾ ಒದ್ದೆ ಕೈಯಲ್ಲಿ, ಕಣ್ಣು ಮುಚ್ಚಿ, ಒಂದೇ ಕೈಯಿಂದ ತೆರೆಯಲು ಬರುತ್ತದೆಯೇ? ಮನೆಯಲ್ಲಿ ಎಲ್ಲರೂ, ದೋಣಿಗೆ ಬರುವ ಮಕ್ಕಳೂ ಅಭ್ಯಾಸ ಮಾಡಲಿ.

## ಹಂತ 9: ಜೋಡಿಸುವುದು

ಹಗ್ಗಕ್ಕೆ ಹುಕ್ ಹಿಡಿಸಲು ಥಿಂಬಲ್ ಹಾಕಿ ಸ್ಪ್ಲೈಸ್ ಮಾಡುವುದು, ಅಂದರೆ ಹಗ್ಗದ ಎಳೆಗಳನ್ನೇ ಹೆಣೆದು ಕುಣಿಕೆ ಮಾಡುವುದು, ಎಲ್ಲಕ್ಕಿಂತ ಒಳ್ಳೆಯದು. ಬೋಲೈನ್ ಆದರೂ ಪರವಾಗಿಲ್ಲ, ಆದರೆ ಗಂಟು ಹಗ್ಗದ ಬಲವನ್ನು ಸುಮಾರು ಮೂರನೇ ಒಂದು ಭಾಗ ತಿನ್ನುತ್ತದೆ ಎಂದು ಲೆಕ್ಕದಲ್ಲಿಡಿ.

ಗೇಟ್ ಯಾವ ಕಡೆ ಮುಖ ಮಾಡಬೇಕು? ಉಜ್ಜುವ ಮೈಯಿಂದ ಆಚೆಗೆ. ಡೆಕ್ಕಿಗೆ, ಮಾಸ್ಟಿಗೆ, ಬೇರೆ ಹಗ್ಗಕ್ಕೆ ತಾಗುವ ಕಡೆ ಗೇಟ್ ಇರಬಾರದು. ಜಿಬ್ ಹ್ಯಾಂಕ್‌ಗಳೆಲ್ಲ ಒಂದೇ ಕಡೆಗೆ ತೆರೆಯಲಿ. ಒಂದು ಉಲ್ಟಾ ಇದ್ದರೆ ಕತ್ತಲಲ್ಲಿ ಹಾಯಿ ತಿರುಚಿಕೊಂಡು ಏರುತ್ತದೆ.

ಸ್ನ್ಯಾಪ್ ಶ್ಯಾಕಲಿನ ಪಿನ್ನಿಗೆ ಬರುವ ದೊಡ್ಡ ಉಂಗುರ ತೆಗೆದು, ಬೆರಳಿಗೆ ಸಿಗುವಷ್ಟು ಗಿಡ್ಡ ದಾರ ಕಟ್ಟಿ. ಕುಣಿಕೆ ಬೇಡ, ತುದಿಗೆ ಒಂದು ಗಂಟು ಸಾಕು. ಕುಣಿಕೆಗೆ ಸಿಕ್ಕಲು ದೋಣಿಯಲ್ಲಿ ನೂರು ವಸ್ತುಗಳಿವೆ.

ಗೇಟ್ ತೆರೆಯಬಾರದೆಂದು ಇಡೀ ಸೀಸನ್ನಿಗೆ ಟೇಪ್ ಸುತ್ತಿಬಿಡುವವರಿದ್ದಾರೆ. ಸ್ಟೇನ್‌ಲೆಸ್ ತನ್ನ ಮೇಲಿನ ರಕ್ಷಣೆಯ ಪದರ ಉಳಿಸಿಕೊಳ್ಳಲು ಗಾಳಿಯ ಆಮ್ಲಜನಕ ಬೇಕು. ಟೇಪಿನ ಅಡಿ ಉಪ್ಪುನೀರು ನಿಂತರೆ 316 ಕೂಡ ಒಳಗೊಳಗೇ ಕೊರೆಯುತ್ತದೆ. ಟೇಪ್ ಬೇಕಾಗುವಂಥ ಜಾಗ ಅಂದರೆ ಅಲ್ಲಿ ಹುಕ್ ಇರಬಾರದಿತ್ತು, ಶ್ಯಾಕಲ್ ಇರಬೇಕಿತ್ತು.

## ಹಂತ 10: ಆರೈಕೆ, ಮತ್ತು ಯಾವಾಗ ಎಸೆಯುವುದು

ಮುಂಬೈ ಬಂದರಿನ ನೀರಲ್ಲಿ ಉಪ್ಪಿನ ಜೊತೆ ನುಣ್ಣನೆಯ ಕೆಸರಿದೆ. ಅದು ಪಿಸ್ಟನ್ನಿನೊಳಗೆ ಹೋಗಿ ಒಣಗಿದರೆ ಸಿಮೆಂಟಿನ ಹಾಗೆ ಹಿಡಿಯುತ್ತದೆ. ಗೋವಾದ ಬೀಚಿನಲ್ಲಿ ಎಳೆದಿಡುವ ದೋಣಿಗಳಿಗೆ ಮರಳಿನ ಕಾಟ. ಎರಡಕ್ಕೂ ಮದ್ದು ಸಿಹಿನೀರು. ಪ್ರತಿ ಸಲ ಬಂದ ಮೇಲೆ ಹುಕ್ಕನ್ನು ಸಿಹಿನೀರಿನ ಬಕೆಟ್ಟಿನಲ್ಲಿ ಅದ್ದಿ, ನೀರಿನೊಳಗೇ ಗೇಟನ್ನು ಹತ್ತು ಸಲ ತೆರೆದು ಮುಚ್ಚಿ. ಮೇಲಿಂದ ಪೈಪ್ ಹಿಡಿದರೆ ಒಳಗಿನ ಉಪ್ಪು ಹೋಗುವುದಿಲ್ಲ. ಒಣಗಿದ ಮೇಲೆ ಟೆಫ್ಲಾನ್ ಅಥವಾ ಸಿಲಿಕೋನ್ ಸ್ಪ್ರೇ. ಕೊಬ್ಬರಿ ಎಣ್ಣೆ, ಗ್ರೀಸ್ ಹಾಕಬೇಡಿ, ಕೆಸರು ಮರಳು ಅದಕ್ಕೇ ಅಂಟುತ್ತವೆ.

ಜೂನ್‌ಗೆ ಮೊದಲು ದೋಣಿ ದಡ ಸೇರುವಾಗ ಹುಕ್‌ಗಳನ್ನೆಲ್ಲ ಬಿಚ್ಚಿ ತನ್ನಿ. ಟಾರ್ಪಾಲಿನ ಅಡಿ ನಾಲ್ಕು ತಿಂಗಳ ತೇವದಲ್ಲಿ ತೂಗಿದ ಹುಕ್ ಅಕ್ಟೋಬರ್‌ಗೆ ಕೆಲಸ ಮಾಡುವುದಿಲ್ಲ. ತೊಳೆದು, ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಒದ್ದೆ ಲೈಫ್ ಜಾಕೆಟ್ ಜೊತೆ ಒಂದೇ ಚೀಲಕ್ಕೆ ತುಂಬಬೇಡಿ.

ಈ ಗುರುತುಗಳಲ್ಲಿ ಒಂದು ಕಂಡರೂ ಹುಕ್ ಬದಲಾಯಿಸಿ. ತೊಳೆದು ಸ್ಪ್ರೇ ಹೊಡೆದ ಮೇಲೂ ಗೇಟ್ ತಾನಾಗಿ ಮುಚ್ಚುತ್ತಿಲ್ಲ. ಮೂಗು ತೋಡಿಗೆ ನೇರ ಕೂರುತ್ತಿಲ್ಲ. ಬಳೆ ಉಜ್ಜಿದ ಜಾಗ ಕ್ಯಾಲಿಪರಿನಲ್ಲಿ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಸವೆದಿದೆ. ಉಜ್ಜಿ ತೆಗೆದ ಕಂದು ಕಲೆಯ ಅಡಿ ಉಗುರಿಗೆ ಸಿಗುವ ಗುಂಡಿ ಇದೆ. ಮೈ ಸ್ವಲ್ಪ ಬಾಗಿದೆ, ಸುತ್ತಿಗೆಯಿಂದ ಸರಿ ಮಾಡಬಹುದು ಅನ್ನಿಸುತ್ತಿದೆ. ಆ ಕೊನೆಯ ಯೋಚನೆ ಬಂದ ಕೂಡಲೇ ಹುಕ್ ಎಸೆಯಿರಿ. ಟೆದರಂತೂ ಒಬ್ಬರನ್ನು ಒಂದು ಸಲ ಹಿಡಿದು ನಿಲ್ಲಿಸಿದ್ದರೆ, ನೋಡಲು ಹೊಸದಿದ್ದರೂ ಹೊಸದು ತರಬೇಕು.

ಎಸೆಯುವ ಹುಕ್ಕಿನ ಗೇಟನ್ನು ಗರಗಸದಿಂದ ಕತ್ತರಿಸಿಯೇ ಗುಜರಿಗೆ ಹಾಕಿ. ಹಾಗೇ ಬಿಟ್ಟರೆ ಜೆಟ್ಟಿಯಲ್ಲಿ ಯಾರೋ ಹುಡುಗರು "ಚೆನ್ನಾಗಿದೆಯಲ್ಲ" ಎಂದು ಎತ್ತಿಕೊಂಡು ಫೆಂಡರಿಗೆ ಹಾಕುತ್ತಾರೆ. ಮುಂದಿನ ಸೀಸನ್ನಿಗೆ ಅದೇ ಹುಕ್ ಇನ್ನೊಬ್ಬರ ಹ್ಯಾಲ್ಯಾರ್ಡಿಗೆ ಹೋಗಿರುತ್ತದೆ. ಹೊಸದು ಹಾಕಿದ ತಿಂಗಳು, ವರ್ಷವನ್ನು ಮೊದಲ ಹಂತದ ಪಟ್ಟಿಯಲ್ಲಿ ಅದೇ ಜಾಗದ ಮುಂದೆ ಬರೆದು, ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದೋಣಿಯಲ್ಲೇ ಇಡಿ.